ಯಾಕೂಬ್(ಅ)ರ ಕಣ್ಣೀರು ಮತ್ತು ಭರವಸೆ

ಅಲ್ಲಾಹನಿಗೆ ಸರ್ವಸ್ತುತಿ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಹಾಬಿಗಳ ಮೇಲೂ ಅವನ ಕರುಣೆ ಮತ್ತು ಶಾಂತಿ ಇರಲಿ.

ಸಹೋದರರೇ, ಒಂದು ಮನೆಗೆ ಕಷ್ಟ ಬಂದಾಗ ನಮ್ಮ ಬಾಯಿಂದ ಎರಡು ಮಾತು ಬೇಗ ಹೊರಡುತ್ತವೆ. “ಅಳಬೇಡಿ, ಇದು ಅಲ್ಲಾಹನ ವಿಧಿ” ಎಂದು ಎದುರಿಗೆ ಹೇಳುತ್ತೇವೆ. “ಏನೋ ಪಾಪ ಮಾಡಿರಬೇಕು, ಅದಕ್ಕೇ ಹೀಗಾಯಿತು” ಎಂದು ಬೆನ್ನ ಹಿಂದೆ ಹೇಳುತ್ತೇವೆ. ಎರಡೂ ನೊಂದವರ ಎದೆಯ ಭಾರವನ್ನು ಹೆಚ್ಚಿಸುತ್ತವೆಯೇ ಹೊರತು ಇಳಿಸುವುದಿಲ್ಲ. ಅಲ್ಲಾಹನ ಯೋಜನೆಯಲ್ಲಿ ಭರವಸೆ ಇಡುವುದು ಹೇಗೆಂದು ಇಂದು ಒಬ್ಬ ವೃದ್ಧ ತಂದೆಯನ್ನು ನೋಡಿ ಕಲಿಯೋಣ.

ಸೂರಃ ಯೂಸುಫ್ ಪವಿತ್ರ ಕುರ್‌ಆನಿನ 12ನೇ ಅಧ್ಯಾಯ, 111 ವಚನಗಳು. ಬಾವಿ, ಈಜಿಪ್ಟ್, ಸೆರೆಮನೆ, ಕೊನೆಗೆ ಖಜಾನೆಯ ಅಧಿಕಾರ ಎಂದು ಮಕ್ಕಳಿಗೆಲ್ಲ ಇದರ ಕಥೆ ಗೊತ್ತು. ಮನೆಯಲ್ಲೇ ಉಳಿದ ತಂದೆ ಯಾಕೂಬ್(ಅ)ರ ಕಡೆಯಿಂದ ಇದನ್ನು ಓದುವವರು ಕಡಿಮೆ. ಅವರ ಮುಂದೆ ಮಕ್ಕಳು ಸುಳ್ಳು ರಕ್ತ ಹಚ್ಚಿದ ಅಂಗಿಯನ್ನು ತಂದಿಟ್ಟರು. ಅವರು ಅದನ್ನು ನಂಬಲಿಲ್ಲ. ತನ್ನ ಪಾಲಿಗೆ ಸುಂದರ ಸಹನೆಯೇ ಸರಿ, ಸಹಾಯ ಬೇಡುವುದು ಅಲ್ಲಾಹನಲ್ಲಿ ಮಾತ್ರ ಎಂದರು. ಕಾಲ ಕಳೆಯಿತು. ಬರಗಾಲ ಬಂತು, ಧಾನ್ಯಕ್ಕೆಂದು ಈಜಿಪ್ಟಿಗೆ ಹೋದ ಮಕ್ಕಳು ಕಿರಿಯವನನ್ನು ಅಲ್ಲೇ ಬಿಟ್ಟು ಬಂದರು. ಅವನ ಮೇಲೆ ಕಳ್ಳತನದ ಆರೋಪ. ಹಿರಿಯ ಮಗನೂ ಮುಖ ತೋರಿಸಲಾಗದೆ ಅಲ್ಲೇ ಉಳಿದ.

ಆಗಲೂ ಅವರ ಬಾಯಿಂದ ಬಂದದ್ದು ಅದೇ ‘ಸಬ್ರುನ್ ಜಮೀಲ್’. ಆದರೆ ಈ ಸಲ ಒಂದು ಮಾತು ಹೆಚ್ಚು ಸೇರಿತು: ಅಲ್ಲಾಹನು ಅವರೆಲ್ಲರನ್ನೂ ತನ್ನ ಬಳಿಗೆ ತರಬಹುದು ಎಂಬ ಆಸೆ. ಗಮನಿಸಿ, ನಷ್ಟ ಹೆಚ್ಚಿದಾಗ ಅವರ ನಿರೀಕ್ಷೆಯೂ ಹೆಚ್ಚಿತು. ಹಾಗೆಂದು ಅವರು ಅಳದೆ ಕುಳಿತರೇ? ಇಲ್ಲ. ಮರುವಚನದಲ್ಲೇ ಅವರು ಮುಖ ತಿರುಗಿಸಿ ಯೂಸುಫ್‌ಗಾಗಿ ಹಲುಬುತ್ತಾರೆ, ದುಃಖದಿಂದ ಕಣ್ಣುಗಳು ಬಿಳುಪೇರುತ್ತವೆ. ಹೀಗೇ ಕೊರಗಿ ಸಾಯುವಿರಿ ಎಂದು ಮಕ್ಕಳು ಗದರಿದರು. ನನ್ನ ಸಂಕಟವನ್ನು ನಿಮ್ಮಲ್ಲಲ್ಲ, ಅಲ್ಲಾಹನಲ್ಲಿ ಹೇಳಿಕೊಳ್ಳುತ್ತಿದ್ದೇನೆ ಎಂಬುದು ಅವರ ಉತ್ತರವಾಗಿತ್ತು. ಈ ಕಣ್ಣೀರನ್ನು ಅಲ್ಲಾಹನು ಎಲ್ಲಿಯೂ ಆಕ್ಷೇಪಿಸಿಲ್ಲ. ಸಬ್ರ್ ಎಂದರೆ ಕಲ್ಲಾಗುವುದು ಎಂದು ನಮಗೆ ಯಾರು ಕಲಿಸಿದರೋ!

ಇನ್ನೊಂದು ಸಂಗತಿ ಇದೆ. ಆ ತಂದೆ ಎರಡನೇ ಆಘಾತವೆಂದು ಅತ್ತದ್ದೇ ವಾಸ್ತವದಲ್ಲಿ ಬಾಗಿಲು ತೆರೆಯುವ ಸದ್ದಾಗಿತ್ತು. ಕಿರಿಯವನು ಸುರಕ್ಷಿತವಾಗಿ ಅಣ್ಣ ಯೂಸುಫ್‌ರ ಬಳಿಯೇ ಇದ್ದ, ಆ ಯೋಜನೆಯನ್ನು ಹೂಡಿದವನು ಅಲ್ಲಾಹನೇ. ಓದುವ ನಮಗೆ ಅದು ಗೊತ್ತು. ಒಬ್ಬ ಪ್ರವಾದಿಯಾಗಿದ್ದರೂ ಯಾಕೂಬ್(ಅ)ರಿಗೆ ಅದು ಗೊತ್ತಿರಲಿಲ್ಲ. ಹಾಗಿರುವಾಗ ಪಕ್ಕದ ಮನೆಯ ಕಷ್ಟದ ಕಾರಣವನ್ನು ನಾವು ಹೇಗೆ ವಿವರಿಸುತ್ತೇವೆ?

ಮತ್ತು ಅವರು ಸುಮ್ಮನೆ ಕೂರಲಿಲ್ಲ. ಹೋಗಿ ಯೂಸುಫ್‌ನನ್ನೂ ಅವನ ತಮ್ಮನನ್ನೂ ಹುಡುಕಿ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ ಎಂದು ಮಕ್ಕಳನ್ನು ಕಳುಹಿಸಿದರು. ಕ್ಷಯದ ಮಾತ್ರೆಯನ್ನು ಆರು ತಿಂಗಳು ನುಂಗಬೇಕೆಂದರೆ ಎರಡೇ ತಿಂಗಳಿಗೆ ಬಿಟ್ಟು, “ಅಲ್ಲಾಹನ ಇಚ್ಛೆ” ಎನ್ನುವವರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಅದು ತವಕ್ಕುಲ್ ಅಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿ(ಸ)ರೇ ಹೇಳಿದ್ದಾರೆ.

ಆದರೆ ಎಲ್ಲರಿಗೂ ಈ ಲೋಕದಲ್ಲೇ ಯೂಸುಫ್ ಮರಳಿ ಸಿಗುವುದಿಲ್ಲ. ಮಗುವನ್ನು ದಫನ ಮಾಡಿ ಬಂದ ತಾಯಿಗೆ “ಇದಕ್ಕಿಂತ ಒಳ್ಳೆಯದಾಗುತ್ತದೆ” ಎಂದು ನಾವು ಸಲೀಸಾಗಿ ಹೇಳಬಾರದು. ಹಿಜರಿ 10ರಲ್ಲಿ ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ಅವರ ಕಣ್ಣೆದುರೇ ಕೊನೆಯುಸಿರೆಳೆದ. ಅವರು ಅತ್ತರು, ಅದು ಕರುಣೆಯೆಂದರು, ಅಲ್ಲಾಹನಿಗೆ ಮೆಚ್ಚುಗೆಯಾಗದ ಮಾತನ್ನು ಮಾತ್ರ ಆಡಲಿಲ್ಲ. ಅಂದೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೇ ಸೂರ್ಯ ಮಂಕಾದ ಎಂದು ಜನ ಮಾತಾಡಿಕೊಂಡರು. ಯಾರ ಹುಟ್ಟಿಗೂ ಸಾವಿಗೂ ಗ್ರಹಣವಾಗುವುದಿಲ್ಲ ಎಂದು ಪ್ರವಾದಿ(ಸ) ಆ ದುಃಖದಲ್ಲೂ ತಿದ್ದಿದರು. ಮಗ ಮರಳಲಿಲ್ಲ. ಅವನಿಗೆ ಸ್ವರ್ಗದಲ್ಲಿ ಹಾಲುಣಿಸುವವಳಿದ್ದಾಳೆ ಎಂದರು. ಅವರ ನಿರೀಕ್ಷೆ ಪರಲೋಕದವರೆಗೆ ಚಾಚಿತ್ತು.

ಹಾಗಾದರೆ ನೊಂದವರಿಗೆ ನಾವು ಏನು ಮಾಡಬೇಕು? ಹಿಜರಿ 8ರ ಮುಅ್‌ತಾ ಯುದ್ಧದಲ್ಲಿ ಜಅ್‌ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ, ಆ ಮನೆಯವರು ದುಃಖದಲ್ಲಿದ್ದಾರೆ, ಅವರಿಗೆ ಅಡುಗೆ ಮಾಡಿ ಕಳುಹಿಸಿ ಎಂದು ಪ್ರವಾದಿ(ಸ) ಹೇಳಿದರು. ನಮ್ಮಲ್ಲಿ ಉಲ್ಟಾ. ಸಾವಿನ ಮನೆಯವರೇ ಸಾಲ ಮಾಡಿ ಬಂದವರಿಗೆಲ್ಲ ಬಡಿಸುತ್ತಾರೆ, ನಾವು ಉಂಡು ಅಲ್ಲಾಹನ ಹಿಕ್ಮತ್ ವಿವರಿಸಿ ಬರುತ್ತೇವೆ. ಈ ವಾರದಿಂದ ಅಂಥ ಮನೆಗೆ ಹೋಗುವಾಗ ಒಂದು ಪಾತ್ರೆ ಅನ್ನ-ಸಾರು ಒಯ್ಯಿರಿ. ಅವರು ಮಾತಾಡಿದರೆ ಕೇಳಿಸಿಕೊಳ್ಳಿ, ಅತ್ತರೆ ಅಳಲು ಬಿಡಿ. ಇದ್ದತ್‌ನಲ್ಲಿರುವ ಸಹೋದರಿಯ ಮನೆಯಲ್ಲಿ ರೇಷನ್ ಇದೆಯೇ, ಮಕ್ಕಳ ಫೀಸು ಕಟ್ಟಿದೆಯೇ ಎಂದು ನಿಮ್ಮ ಮನೆಯ ಹೆಂಗಸರ ಮೂಲಕ ವಿಚಾರಿಸಿ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಕಳೆದುಕೊಂಡವರನ್ನು ಜನ್ನತ್‌ನಲ್ಲಿ ಅವರ ಪ್ರೀತಿಪಾತ್ರರೊಂದಿಗೆ ಸೇರಿಸಲಿ. ಆಮೀನ್.