'ನೋ ಸಿಗ್ನಲ್' ಅಂದ್ರೆ ಮಾನಿಟರ್ ಸತ್ತಿದೆ ಅಂತಲ್ಲ

ಕೆಲಸ ಮಾಡ್ತಾ ಇರ್ತೀರಿ, ಸ್ಕ್ರೀನ್ ಇದ್ದಕ್ಕಿದ್ದಂತೆ ಕಪ್ಪು. ಎರಡು ಸೆಕೆಂಡಿಗೆ ತಾನಾಗೇ ವಾಪಸ್ ಬರುತ್ತೆ. ಕೆಲವೊಮ್ಮೆ ಬರೋದೇ ಇಲ್ಲ, 'ನೋ ಸಿಗ್ನಲ್' ಅಂತ ಒಂದು ಚೌಕ ಪರದೆ ಮೇಲೆ ತೇಲಾಡ್ತಾ ಇರುತ್ತೆ.

ಆ ಅಕ್ಷರಗಳನ್ನ ತೋರಿಸೋದು ಕಂಪ್ಯೂಟರ್ ಅಲ್ಲ, ಮಾನಿಟರೇ. ಅದು ಓದೋಕೆ ಕಾಣ್ತಾ ಇದೆ ಅಂದ್ರೆ ಪ್ಯಾನೆಲ್, ಹಿಂದಿನ ಬ್ಯಾಕ್‌ಲೈಟ್ ಎರಡೂ ಬದುಕಿವೆ ಅಂತ ಅರ್ಥ. ನನ್ನ ತಮ್ಮನಿಗೆ ಇದೇ ಆಯ್ತು. ಕೆಲಸ ಹುಡುಕ್ತಿದ್ದ. ಆನ್‌ಲೈನ್ ಕೋಡಿಂಗ್ ಟೆಸ್ಟ್ ಮಧ್ಯೆ ಎರಡು ಸಲ ಸ್ಕ್ರೀನ್ ಹೋಯ್ತು. ರಿಪೇರಿ ಅಂಗಡಿಯವರು 'ಪ್ಯಾನೆಲ್ ಹೋಗಿದೆ, ಹೊಸದೇ ತಗೊಳ್ಳಿ' ಅಂದ್ರು. ಸಂಬಳ ಇಲ್ಲದವನು ಹತ್ತು ಸಾವಿರ ಎಲ್ಲಿಂದ ತರ್ತಾನೆ? ಮುಂದಿನ ಟೆಸ್ಟ್‌ಗೆ ನಾಲ್ಕೇ ದಿನ.

ಭಾನುವಾರ ಇಬ್ರೂ ಕೂತ್ವಿ. ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಕೇಬಲ್‌ನ ಎರಡೂ ತುದಿ ಬಿಚ್ಚಿ ಗಟ್ಟಿಯಾಗಿ ಹಾಕಿದ್ವಿ. ಉಪಯೋಗ ಆಗ್ಲಿಲ್ಲ. ಆಮೇಲೆ ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ ಮನೆಯ ಸೆಟ್‌ಟಾಪ್ ಬಾಕ್ಸನ್ನ ಮಾನಿಟರ್‌ಗೆ ಸೇರಿಸಿ ಒಂದು ಗಂಟೆ ಕ್ರಿಕೆಟ್ ನೋಡಿದ್ವಿ. ಒಂದು ಸಲಾನೂ ಹೋಗ್ಲಿಲ್ಲ! ಮಾನಿಟರ್ ಬಚಾವ್.

ಆದ್ರೆ ಕೇಬಲ್ ಬಚಾವ್ ಅಂತ ಹೇಳೋ ಹಾಗಿಲ್ಲ, ಇಲ್ಲೇ ತುಂಬ ಜನ ಎಡವೋದು. ಸೆಟ್‌ಟಾಪ್ ಬಾಕ್ಸ್ ಕಳಿಸೋದು ಹೆಚ್ಚಂದ್ರೆ ಸೆಕೆಂಡಿಗೆ 60 ಫ್ರೇಮ್. ತಮ್ಮನ ಮಾನಿಟರ್ ಓಡ್ತಿದ್ದದ್ದು 144 ಹರ್ಟ್ಜ್‌ನಲ್ಲಿ. ಅದೇ ತಂತಿಯೊಳಗೆ ಸುಮಾರು ಎರಡೂವರೆ ಪಟ್ಟು ಮಾಹಿತಿ. 4ಕೆ ಮಾನಿಟರ್ ಆದ್ರೆ 60 ಹರ್ಟ್ಜ್‌ನಲ್ಲೇ ನಾಲ್ಕು ಪಟ್ಟು. ಹಳೇ ವಿಜಿಎ ಕಾಲದಲ್ಲಿ ಕೇಬಲ್ ಕೆಟ್ಟಿದ್ರೆ ಚಿತ್ರ ಮಸುಕಾಗೋದು, ನೆರಳು ಬೀಳೋದು. ಡಿಜಿಟಲ್‌ನಲ್ಲಿ ಹಾಗಲ್ಲ. ತಪ್ಪುಗಳು ಒಂದು ಮಿತಿ ದಾಟೋವರೆಗೂ ಚಿತ್ರ ಚೆನ್ನಾಗೇ ಇರುತ್ತೆ, ದಾಟಿದ ಕೂಡ್ಲೇ ಕತ್ತಲೆ.

ಹಾಗಾಗಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ 60ಕ್ಕೆ ಇಳಿಸಿದ್ವಿ. ಇಡೀ ಸಂಜೆ ಸ್ಕ್ರೀನ್ ಅಲ್ಲಾಡ್ಲಿಲ್ಲ. ಮರುದಿನ ಹೊಸ ಕೇಬಲ್ ತಂದ, ಐನೂರು ರೂಪಾಯಿ ಒಳಗೆ. 144ರಲ್ಲೂ ಸರಿಯಾಗಿ ಓಡ್ತು. ಟೆಸ್ಟ್ ಮಾತ್ರ 60ರಲ್ಲೇ ಬರೀ ಅಂದೆ. ಅಂಥ ದಿನ ಯಾಕೆ ಪ್ರಯೋಗ?

ಇನ್ನೊಂದು, ನಗಬೇಡಿ: ನೀವು ಕುರ್ಚಿಯಿಂದ ಎದ್ದಾಗಲೇ ಸ್ಕ್ರೀನ್ ಹೋಗುತ್ತಾ? ಮೇಲೆ ಕೆಳಗೆ ಆಗೋ ಗ್ಯಾಸ್ ಲಿಫ್ಟ್ ಆಫೀಸ್ ಕುರ್ಚಿಗಳಲ್ಲಿ ಕೂತು ಏಳುವಾಗ ಹುಟ್ಟೋ ವಿದ್ಯುತ್ ಕಿರಿಕಿರಿಯನ್ನ ವಿಡಿಯೋ ಕೇಬಲ್ ಹಿಡಿದುಕೊಳ್ಳಬಹುದು. ಡಿಸ್‌ಪ್ಲೇಲಿಂಕ್ ಕಂಪನಿ ತನ್ನ ಸಪೋರ್ಟ್ ಪುಟದಲ್ಲೇ ಇದನ್ನ ಬರೆದಿದೆ. ಫ್ಯಾನ್ ಅಥವಾ ಟ್ಯೂಬ್‌ಲೈಟ್ ಸ್ವಿಚ್ ಹಾಕಿದಾಗ ಹೋದ್ರೂ ಇದೇ ಜಾತಿಯ ತೊಂದರೆ ಇರಬಹುದು. ಚಿಕ್ಕದಾದ, ಒಳ್ಳೆ ಶೀಲ್ಡಿಂಗ್ ಇರೋ ಕೇಬಲ್ ಹಾಕಿ, ಪ್ಲಗ್ಗಿಗೆ ಅರ್ತಿಂಗ್ ಇದೆಯಾ ನೋಡಿಸಿ.

'ನೋ ಸಿಗ್ನಲ್' ಕೂಡ ಕಾಣದೆ, ಪವರ್ ಲೈಟೂ ಆರಿಹೋದ್ರೆ ಅದು ಬೇರೆ ಕಥೆ. ಅಡಾಪ್ಟರೋ ಒಳಗಿನ ಪವರ್ ಬೋರ್ಡೋ ಇರಬೇಕು. ಆಗ ಅಂಗಡಿಗೆ ಒಯ್ಯಿರಿ. ಲೈಟ್ ಇದ್ದೂ ಸಿಗ್ನಲ್ ಮಾತ್ರ ಹೋಗ್ತಿದ್ರೆ, ನಿಮ್ಮ ಕೇಬಲ್ಲನ್ನೂ ಜೊತೆಗೆ ತಗೊಂಡು ಹೋಗಿ ಅದರಲ್ಲೇ ಹಾಕಿ ತೋರಿಸೋಕೆ ಹೇಳಿ.