ಧೂಳು ಹೀರುವ ಯಂತ್ರ ಕೊಳ್ಳುವ ಮುನ್ನ

ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಒಳಗೆ ಬೀಳುವ ಹೊತ್ತಿನಲ್ಲಿ ಕಸ ಗುಡಿಸುವುದನ್ನು ನೀವು ನೋಡಿರಬಹುದು. ನೆಲದ ಮೇಲೆ ಸುಮ್ಮನೆ ಮಲಗಿದ್ದ ಧೂಳು ಎದ್ದು ಆ ಬಿಸಿಲುಕೋಲಿನಲ್ಲಿ ಕುಣಿಯುತ್ತದೆ. ಅರ್ಧ ಗಂಟೆ ಕಳೆಯಲಿ. ಅದೇ ಧೂಳು ಮೇಜಿನ ಮೇಲೆ, ರೇಡಿಯೋ ಪೆಟ್ಟಿಗೆಯ ಮೇಲೆ, ದೇವರ ಪಟಗಳ ಮೇಲೆ ಬಂದು ಕುಳಿತಿರುತ್ತದೆ. ಒಣ ನೆಲವನ್ನು ಗುಡಿಸಿದಾಗ ನಾವು ದಪ್ಪ ಕಸವನ್ನು ಹೊರಗೆ ಹಾಕುತ್ತೇವೆ, ನಿಜ. ಆದರೆ ನವುರಾದ ಧೂಳಿಗೆ ಜಾಗ ಬದಲಾಯಿಸಿಕೊಡುತ್ತೇವೆ, ಅಷ್ಟೆ. ನಡುದಾರಿಯಲ್ಲಿ ಅದರ ಒಂದು ಪಾಲು ನಮ್ಮ ಮೂಗಿನೊಳಕ್ಕೂ ಹೋಗಿರುತ್ತದೆ.

ನಾವಿರುವುದು ಜಯನಗರದ 9ನೇ ಬ್ಲಾಕಿನಲ್ಲಿ, ರಾಗಿಗುಡ್ಡದ ಹತ್ತಿರ. ಮಾರೇನಹಳ್ಳಿ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದಾಗ ನಮ್ಮ ಬಡಾವಣೆ ತಿಂದ ಧೂಳು ಅಷ್ಟಿಷ್ಟಲ್ಲ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ರೈಲು 2025ರ ಆಗಸ್ಟ್ ತಿಂಗಳಲ್ಲಿ ಓಡಿತು. ಇನ್ನು ಧೂಳು ನಿಂತಿತು ಎಂದುಕೊಂಡೆವು. ಅಷ್ಟರಲ್ಲಿ ಪಕ್ಕದ ಹಳೆಯ ಮನೆಯನ್ನು ಕೆಡವಿ ಫ್ಲಾಟು ಕಟ್ಟುವವರು ಬಂದರು. ಜಯನಗರವಾಗಲಿ, ಜೆ. ಪಿ. ನಗರವಾಗಲಿ, ಬನಶಂಕರಿಯಾಗಲಿ, ಬಿ. ಟಿ. ಎಂ. ಲೇಔಟಾಗಲಿ, ಈ ಕಥೆ ಹೊಸದೇನೂ ಅಲ್ಲ.

ನಮ್ಮ ಅತ್ತೆಯವರಿಗೆ ಉಬ್ಬಸ. ಹೋದ ಚಳಿಗಾಲದಲ್ಲಿ ಮೂರು ರಾತ್ರಿ ಅವರು ಮಂಚದ ಮೇಲೆ ಎದ್ದು ಕುಳಿತೇ ಬೆಳಗು ಮಾಡಿದರು. ಡಾಕ್ಟರು ಔಷಧಿ ಬರೆದುಕೊಟ್ಟು, "ಮನೆಯೊಳಗೆ ಧೂಳು ಏಳದಂತೆ ನೋಡಿಕೊಳ್ಳಿ" ಎಂದರು. ಯಜಮಾನರ ಪಿಂಚಣಿಯಲ್ಲಿ ಎಂಟು ಸಾವಿರ ರೂಪಾಯಿ ಎತ್ತಿಟ್ಟು, ವ್ಯಾಕ್ಯೂಮ್ ಕ್ಲೀನರ್ ಒಂದನ್ನು ಕೊಳ್ಳುವುದೆಂದು ತೀರ್ಮಾನಿಸಿದೆವು. ಆ ಹುಡುಕಾಟದಲ್ಲಿ ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಆಗಲೇ ಒಂದು ಯಂತ್ರವಿತ್ತು. ಹಿಂದೊಮ್ಮೆ ಮಗ ಅಮೆರಿಕದಿಂದ ಬರುವಾಗ ಅಕ್ಕರೆಯಿಂದ ಹೊತ್ತುತಂದದ್ದು. ಅಲ್ಲಿಯ ವಿದ್ಯುತ್ತು 120 ವೋಲ್ಟು, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ನಡೆಯದು. ಆ ಟ್ರಾನ್ಸ್‌ಫಾರ್ಮರನ್ನು ಎತ್ತಲು ಇಬ್ಬರು ಬೇಕು. ಮೇಲಾಗಿ ಅದು ಗೋಡೆಯಿಂದ ಗೋಡೆಗೆ ಜಮಖಾನ ಹಾಸಿದ ಮನೆಗಳಿಗೆ ಮಾಡಿದ್ದು. ನಮ್ಮದು ಕೆಂಪು ರೆಡ್ ಆಕ್ಸೈಡ್ ನೆಲ. ಎರಡು ಸಲ ಓಡಿಸಿದ ಮೇಲೆ ಯಂತ್ರ ಸಜ್ಜದ ಮೇಲೆ ಹತ್ತಿ ಕುಳಿತಿತು. ಹನ್ನೊಂದು ವರ್ಷವಾದರೂ ಇಳಿದಿಲ್ಲ. ತಪ್ಪು ಯಂತ್ರದ್ದಲ್ಲ, ತಂದ ಮಗನದೂ ಅಲ್ಲ. ನಮ್ಮ ಮನೆಗೆ ಏನು ಬೇಕೆಂದು ನಾವು ಯಾರೂ ಕೇಳಿಕೊಂಡಿರಲಿಲ್ಲ. ಬೆಲೆ ಎಷ್ಟೇ ಆಗಿರಲಿ, ಸಜ್ಜ ಹತ್ತಿದ ಯಂತ್ರವೇ ಎಲ್ಲಕ್ಕಿಂತ ದುಬಾರಿಯಾದ ಯಂತ್ರ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯನ್ನೇ ಒಂದು ಸುತ್ತು ನೋಡಿ. ಮೊದಲನೆಯದು ನೆಲ. ಮನೆಯಲ್ಲಿ ಜಮಖಾನವಿಲ್ಲ, ಬಟ್ಟೆಯ ಸೋಫಾ ಇಲ್ಲ, ಬರಿಯ ಮೊಸಾಯಿಕ್ ಅಥವಾ ಟೈಲ್ಸ್ ನೆಲ, ಯಾರಿಗೂ ಉಬ್ಬಸವಿಲ್ಲ ಎಂದಾದರೆ, ನಿಮ್ಮ ಹಣ ನಿಮ್ಮಲ್ಲೇ ಇರಲಿ ಎನ್ನುತ್ತೇನೆ. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ನೆಲ ಒರೆಸಿದರೆ ಧೂಳು ಮೇಲೇಳುವುದಿಲ್ಲ. ಯಂತ್ರ ನಿಜವಾಗಿ ಉಪಯೋಗಕ್ಕೆ ಬರುವುದು ಒದ್ದೆ ಬಟ್ಟೆ ಹೋಗಲಾರದ ಕಡೆ: ಹಾಸಿಗೆ, ಸೋಫಾ, ಪರದೆ, ಪುಸ್ತಕದ ಕಪಾಟು, ಮಂಚದ ಅಡಿ, ಕಿಟಕಿಯ ಸಂದಿ. ಹಾಸಿಗೆಯಲ್ಲಿ ಬರಿಗಣ್ಣಿಗೆ ಕಾಣದ ನುಸಿಗಳಿರುತ್ತವೆ. ಉಬ್ಬಸದವರಲ್ಲಿ ಅನೇಕರಿಗೆ ಆಗಿಬರದಿರುವುದು ಅವುಗಳ ಹಿಕ್ಕೆಯೇ. ಯಂತ್ರವೊಂದರಿಂದಲೇ ಅದು ತೊಲಗದು. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆಯಬೇಕು, ಹಾಸಿಗೆಯನ್ನು ತಾರಸಿಯ ಬಿಸಿಲಿಗೂ ಹಾಕಬೇಕು.

ಎರಡನೆಯದು ಗೋಡೆಯ ಪ್ಲಗ್ಗು. ಇದನ್ನು ಬಹಳ ಮಂದಿ ಮರೆಯುತ್ತಾರೆ. ಹಳೆಯ ಮನೆಗಳ ಹಾಲಿನಲ್ಲಿ ಸಾಮಾನ್ಯವಾಗಿ ಇರುವುದು ಸಣ್ಣ ಪ್ಲಗ್ಗು, 5 ಅಥವಾ 6 ಆಂಪಿಯರಿನದು. 1600 ವಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಗೀಜರಿಗೆ ಇರುವಂಥ 16 ಆಂಪಿಯರಿನ ದೊಡ್ಡ ಪ್ಲಗ್ಗು ಬೇಕು. ಬಚ್ಚಲುಮನೆಯಿಂದ ಮಲಗುವ ಕೋಣೆಯವರೆಗೆ ವಯರು ಎಳೆಯುವ ಮನೆಯಲ್ಲಿ ಯಂತ್ರ ಎಷ್ಟು ದಿನ ಓಡೀತು, ನೀವೇ ಹೇಳಿ. 1000 ವಾಟಿನದಾದರೆ ಸುಮಾರು 4.35 ಆಂಪಿಯರ್ ಸಾಕು.

ಕಡಿಮೆ ವಾಟು ಎಂದರೆ ಕಡಿಮೆ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಅಂಗಡಿಯವರು ವಾಟಿನ ಅಂಕಿಯನ್ನೇ ದೊಡ್ಡದಾಗಿ ತೋರಿಸುತ್ತಾರೆ. ಆದರೆ ವಾಟು ಎಂಬುದು ಯಂತ್ರ ತಿನ್ನುವ ವಿದ್ಯುತ್ತಿನ ಲೆಕ್ಕ, ಅದು ಎಳೆಯುವ ಧೂಳಿನ ಲೆಕ್ಕವಲ್ಲ. ಊಟ ಹೆಚ್ಚು ಮಾಡುವವನೇ ಕೆಲಸ ಹೆಚ್ಚು ಮಾಡುತ್ತಾನೆಂದು ಹೇಳಲಾದೀತೇ? ಯೂರೋಪಿನ ಒಕ್ಕೂಟದಲ್ಲಿ 2014ರಲ್ಲಿ ಈ ಯಂತ್ರಗಳಿಗೆ 1600 ವಾಟಿನ ಮಿತಿ ಹಾಕಿದರು, 2017ರಲ್ಲಿ ಅದನ್ನು 900ಕ್ಕೆ ಇಳಿಸಿದರು. ಅಲ್ಲಿಯ ಮನೆಗಳೇನೂ ಧೂಳು ಹಿಡಿದು ಕೂರಲಿಲ್ಲ. ಮೂತಿಯ ಆಕಾರ, ಕೊಳವೆಯ ಬಿಗಿ, ಜರಡಿಯ ಶುಚಿ, ಇವು ಸರಿಯಿದ್ದರೆ ಸಣ್ಣ ಮೋಟಾರೂ ಚೆನ್ನಾಗಿ ಹೀರುತ್ತದೆ.

ಮೂರನೆಯದು ಯಂತ್ರದ ಜಾತಿ. ಈಗ ಎಲ್ಲರ ಕಣ್ಣೂ ತಾನಾಗಿಯೇ ಓಡಾಡುವ ರೋಬೋ ಯಂತ್ರದ ಮೇಲೆ. ಎಂಟು ಸಾವಿರದಲ್ಲಿ ಒಳ್ಳೆಯದು ಸಿಗುವುದು ಕಷ್ಟ, ಅದಿರಲಿ. ಅವುಗಳಲ್ಲಿ ಹೆಚ್ಚಿನವು ದಾಟಬಲ್ಲದ್ದು ಸುಮಾರು ಎರಡು ಸೆಂಟಿಮೀಟರ್ ಎತ್ತರ. ನಮ್ಮ ಹಳೆಯ ಮನೆಗಳ ಹೊಸ್ತಿಲಿನ ಮುಂದೆ ಅದು ಅಪ್ಪಣೆಗೆ ಕಾದ ಅತಿಥಿಯಂತೆ ನಿಂತುಬಿಡುತ್ತದೆ. ಹೊಸ ಫ್ಲಾಟುಗಳ ಸಮತಟ್ಟು ನೆಲಕ್ಕೆ ಅದು ಒಪ್ಪೀತು. ಕೋಲಿನಂತಿರುವ, ಬ್ಯಾಟರಿಯಿಂದ ನಡೆಯುವ ಯಂತ್ರ ಹಗುರ, ಚಂದ. ಆದರೆ ಜೋರಾಗಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಸುಸ್ತಾಗುತ್ತದೆ, ಬ್ಯಾಟರಿಯ ಶಕ್ತಿಯೂ ವರ್ಷವರ್ಷಕ್ಕೆ ಕುಗ್ಗುತ್ತದೆ. ಹೊಸ ಬ್ಯಾಟರಿಯ ಬೆಲೆ ಕೇಳಿಯೇ ಕೊಳ್ಳಿ. ಒದ್ದೆ ನೆಲವನ್ನೂ ಹೀರುವ ದೊಡ್ಡ ಡ್ರಮ್ಮಿನಂಥದು ಕಾರು ತೊಳೆಯುವವರಿಗೆ, ಮಳೆನೀರು ನುಗ್ಗುವ ನೆಲಮಾಳಿಗೆಯವರಿಗೆ ಒಳ್ಳೆಯದು. ಕಡಿಮೆ ಖರ್ಚಿನ ಸಂಸಾರಕ್ಕೆ ಚಕ್ರಗಳ ಮೇಲೆ ಉರುಳುವ, ವಯರಿರುವ ಸಣ್ಣ ಡಬ್ಬಿಯ ಯಂತ್ರವೇ ಸಾಕೆಂದು ನನಗೆ ಕಂಡಿತು.

ನಾಲ್ಕನೆಯದು, ಉಬ್ಬಸದವರಿರುವ ಮನೆಗೆ ಇದೇ ಮುಖ್ಯ, ಯಂತ್ರದಿಂದ ಹೊರಬರುವ ಗಾಳಿ. ಮುಂದಿನಿಂದ ಧೂಳು ಹೀರಿ ಹಿಂದಿನಿಂದ ನವುರು ಧೂಳು ಊದುವ ಯಂತ್ರಕ್ಕೂ ಪೊರಕೆಗೂ ವ್ಯತ್ಯಾಸವೇನು? ಹೆಪಾ ಎಂಬ ಜರಡಿ 0.3 ಮೈಕ್ರಾನಿನಷ್ಟು ಸಣ್ಣ ಕಣಗಳಲ್ಲಿ ನೂರಕ್ಕೆ 99.97 ಪಾಲನ್ನು ತಡೆಯಬೇಕೆಂಬುದು ಅದರ ಅಳತೆ. "ಹೆಪಾ ಮಾದರಿ", "ಹೆಪಾದಂಥ" ಎಂದು ಬರೆದಿದ್ದರೆ ಎಚ್ಚರವಿರಲಿ; ಎಚ್ 13 ಎಂಬಂಥ ದರ್ಜೆ ನಮೂದಾಗಿದೆಯೇ ನೋಡಿ. ಚೀಲವಿಲ್ಲದ ಯಂತ್ರದ ಡಬ್ಬಿಯನ್ನು ಕೊಡವುವಾಗ ಧೂಳು ಮತ್ತೆ ಮುಖಕ್ಕೇ ಬರುತ್ತದೆ. ಚೀಲವಿರುವುದರಲ್ಲಿ ಬಾಯಿ ಮುಚ್ಚಿ ಹಾಗೆಯೇ ಎಸೆಯಬಹುದು. ಆ ಚೀಲ ನಮ್ಮೂರಿನಲ್ಲಿ ಸಿಗುತ್ತದೆಯೇ, ಒಂದಕ್ಕೆ ಎಷ್ಟು, ಎಂದು ಕೇಳಿ ವರ್ಷದ ಖರ್ಚಿಗೆ ಸೇರಿಸಿಕೊಳ್ಳಿ.

ಈ ಯಂತ್ರ ಹುಟ್ಟಿದ್ದೇ ಒಂದು ಕರವಸ್ತ್ರದಿಂದ ಎನ್ನುವ ಕಥೆಯಿದೆ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸಿಸಿಲ್ ಬೂತ್ ಎಂಬಾತ, ಗಾಳಿ ಊದಿ ಧೂಳು ಎಬ್ಬಿಸುವ ಒಂದು ಯಂತ್ರವನ್ನು ನೋಡಿ, ಊದುವ ಬದಲು ಹೀರಿದರೇನು ಎಂದು ಯೋಚಿಸಿದನಂತೆ. ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹರಡಿ, ಬಾಯಿಟ್ಟು ಉಸಿರೆಳೆದ. ವಸ್ತ್ರದ ತಳದಲ್ಲಿ ಧೂಳಿನ ಕಪ್ಪು ಗುರುತು ಮೂಡಿತು. ಅವನ ಮೊದಲ ಯಂತ್ರವನ್ನು ಕುದುರೆಗಾಡಿಯಲ್ಲಿ ಬೀದಿಗೆ ತಂದು, ಕಿಟಕಿಯಿಂದ ಒಳಕ್ಕೆ ಕೊಳವೆ ಬಿಡಬೇಕಾಗಿತ್ತು. ಅದು ಮನೆಯೊಳಗೆ ಹಿಡಿಸುವಂತಾದದ್ದು ಅಮೆರಿಕದ ಓಹಾಯೋ ಸೀಮೆಯಲ್ಲಿ. ಜೇಮ್ಸ್ ಮರೆ ಸ್ಪ್ಯಾಂಗ್ಲರ್ ಎಂಬಾತ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ, ಅವನಿಗೂ ಉಬ್ಬಸ. ಗುಡಿಸುವ ಧೂಳನ್ನು ತಾಳಲಾರದೆ ತಾನೇ ಒಂದು ಯಂತ್ರ ಕಟ್ಟಿಕೊಂಡು, 1908ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಧೂಳಿನ ನೋವನ್ನು ಬಲ್ಲವನು ಪೊರಕೆ ಹಿಡಿದವನೇ ತಾನೆ!

ಬೂತನ ಕರವಸ್ತ್ರವನ್ನು ನಾನು ಅಂಗಡಿಗೂ ಒಯ್ದೆ. 4ನೇ ಬ್ಲಾಕಿನ ಅಂಗಡಿಯಲ್ಲಿ ಕಾಲೊರಸಿನ ಮೇಲೆ ಒಂದು ಹಿಡಿ ರಾಗಿಹಿಟ್ಟು ಉದುರಿಸಿ, ಯಂತ್ರ ಓಡಿಸಿ, ಗಾಳಿ ಹೊರಬರುವ ಕಡೆ ಬಿಳಿಯ ಕರವಸ್ತ್ರ ಹಿಡಿದೆ. ಒಂದು ಯಂತ್ರದಲ್ಲಿ ವಸ್ತ್ರ ಮಾಸಿತು, ಇನ್ನೊಂದರಲ್ಲಿ ಬೆಳ್ಳಗೇ ಉಳಿಯಿತು. ಅಂಗಡಿಯ ಹುಡುಗರು ಮುಸಿಮುಸಿ ನಕ್ಕರು, ನಗಲಿ. ಹಣ ನಮ್ಮದು. ಎತ್ತಿಯೂ ನೋಡಿದೆ, ಸದ್ದನ್ನೂ ಕೇಳಿದೆ. ಪಕ್ಕದಲ್ಲಿ ರೇಡಿಯೋ ಹಾಕಿದರೆ ವಾರ್ತೆ ಕೇಳಿಸದಷ್ಟು ಸದ್ದು ಎಲ್ಲದರಲ್ಲೂ ಇದೆ, ಅದಕ್ಕೆ ಉಪಾಯವಿಲ್ಲ. ಬೆಳ್ಳಗೆ ಉಳಿದ ವಸ್ತ್ರದ ಯಂತ್ರವನ್ನೇ ತಂದೆವು: 1000 ವಾಟು, ಚೀಲವಿರುವುದು, ಏಳು ಸಾವಿರದ ನಾನೂರು ರೂಪಾಯಿ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಓಡಿಸಿದರೆ ತಿಂಗಳಿಗೆ ಮೂರು ಯೂನಿಟ್ ವಿದ್ಯುತ್ತು. ರಸೀತಿಯನ್ನೂ ಗ್ಯಾರಂಟಿ ಚೀಟಿಯನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಅಂಗಡಿಯವರು ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರವಾಣಿ ಮಾಡಬಹುದೆಂಬುದೂ ನಿಮಗೆ ನೆನಪಿರಲಿ.

ಬಳಸುವಾಗ ಒಂದೆರಡು ಎಚ್ಚರಿಕೆ. ಬಿಸಿಯಾರದ ಧೂಪದ ಬೂದಿಯನ್ನು ಹೀರಿಸಬೇಡಿ, ಚೀಲಕ್ಕೆ ಬೆಂಕಿ ತಗುಲೀತು. ರಂಗೋಲಿ ಪುಡಿಯನ್ನೂ ಗೋಡೆ ಕೆರೆದ ಗಾರೆಯ ಪುಡಿಯನ್ನೂ ಕೈಯಿಂದ ತೆಗೆಯಿರಿ, ಅವು ಜರಡಿಯನ್ನು ಮುಚ್ಚಿಬಿಡುತ್ತವೆ. ಒಣ ಕಸದ ಯಂತ್ರಕ್ಕೆ ನೀರು ತೋರಿಸಬೇಡಿ.

ಕೊನೆಯ ಮಾತು. ಯಂತ್ರ ಮನೆಗೆ ಬಂದ ದಿನ, ಹದಿನಾಲ್ಕು ವರ್ಷದಿಂದ ನಮ್ಮಲ್ಲಿ ಕೆಲಸಕ್ಕೆ ಬರುವಾಕೆ ಬಾಗಿಲಲ್ಲೇ ನಿಂತು ಅದನ್ನು ನೋಡಿದಳು. "ಅಮ್ಮಾ, ನಾಳೆಯಿಂದ ನಾನು ಬರೋದು ಬೇಡ್ವಾ?" ಎಂದಳು. ಮಾತಿನ ನಡುವೆಯೇ ಕೆಮ್ಮಿದಳು. ಆಕೆ ಕೆಮ್ಮುವುದನ್ನು ಇಷ್ಟು ವರ್ಷ ನಾನು ಕೇಳಿದ್ದೆ; ಅತ್ತೆಯವರ ಕೆಮ್ಮಿಗೆ ಡಾಕ್ಟರನ್ನು ಕರೆಸಿದ ನನಗೆ ಈ ಕೆಮ್ಮಿನ ಕಾರಣ ಹೊಳೆದದ್ದು ಅಂದು. ಎಲ್ಲರಿಗಿಂತ ಹತ್ತಿರದಿಂದ ನಮ್ಮ ಮನೆಯ ಧೂಳನ್ನು ಉಸಿರಾಡಿದವಳು ಆಕೆಯೇ ಅಲ್ಲವೇ? ಈ ಯಂತ್ರ ನಿನಗೂ ತಂದದ್ದು, ಸಂಬಳದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಎಂದೆ. ಗುಂಡಿ ಎಲ್ಲಿ ಒತ್ತಬೇಕು, ಚೀಲ ಹೇಗೆ ತೆಗೆಯಬೇಕು, ಯಜಮಾನರು ತೋರಿಸಿಕೊಟ್ಟರು. ಮೊದಲ ದಿನ ಸದ್ದಿಗೆ ಬೆಚ್ಚಿದಳು. ಎರಡನೆಯ ವಾರಕ್ಕೆ, ನಾನು ಹೇಳುವ ಮೊದಲೇ ಅತ್ತೆಯವರ ಹಾಸಿಗೆ ಎತ್ತಿ ಮಂಚದಡಿಗೆ ಕೊಳವೆ ಬಿಟ್ಟಿದ್ದಳು.

ಅತ್ತೆಯವರ ಉಬ್ಬಸ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಔಷಧಿ ನಡೆದೇ ಇದೆ. ಆದರೆ ರಾತ್ರಿ ಎದ್ದು ಕೂರುವುದು ಕಡಿಮೆಯಾಗಿದೆ. ನೀವು ಯಂತ್ರ ಕೊಳ್ಳಲು ಹೊರಟಾಗ ನೆಲವನ್ನು ನೋಡಿ, ಪ್ಲಗ್ಗನ್ನು ನೋಡಿ, ಕೈಯಲ್ಲೊಂದು ಬಿಳಿಯ ಕರವಸ್ತ್ರ ಇಟ್ಟುಕೊಳ್ಳಿ. ಸಾಧ್ಯವಾದರೆ ಅದನ್ನು ಹಿಡಿಯಬೇಕಾದವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ನಾನು ಹಾಗೆ ಮಾಡಲಿಲ್ಲ. ಹಿಡಿ ಸ್ವಲ್ಪ ಉದ್ದವಿದ್ದಿದ್ದರೆ ಬಾಗುವುದು ತಪ್ಪುತ್ತಿತ್ತು ಎಂದು ಆಕೆ ಈಗ ಹೇಳುತ್ತಾಳೆ.