ಒಂದು ಹೊಂಗೆಮರಕ್ಕೆ ಎಷ್ಟು ಬೀಜ?



ವಿಮಾನಕ್ಕೆ ಪರ್ಯಾಯ ಇಂಧನ ಹುಡುಕುವ ಕೆಲಸಕ್ಕಾಗಿ ಎರಡು ದಿನದ ಈ ವಿಚಾರ ಸಂಕಿರಣ ಮೈಸೂರಿನಲ್ಲಿ ನಡೆಯುತ್ತಿರುವುದು ನನಗೆ ತುಂಬ ಸಂತೋಷ ತಂದಿದೆ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುವಾದಾಗ ಅದಕ್ಕೆ ಒತ್ತಾಸೆಯಾಗಿ ನಿಂತದ್ದು ಮೈಸೂರು ಸಂಸ್ಥಾನ. ಎರಡನೆಯ ಮಹಾಯುದ್ಧದ ಅದೇ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು, ನಮ್ಮ ಬಸ್ಸುಗಳು ಇದ್ದಿಲಿನ ಒಲೆ ಹೊತ್ತು ಓಡಿದವು. ನಂಜನಗೂಡಿಗೆ ಹೊರಟವರು ಒಲೆ ಹತ್ತಿ ಗ್ಯಾಸು ಕೂಡುವ ತನಕ ಬಸ್ಸಿನ ಪಕ್ಕ ನಿಂತು ಕಾಯಬೇಕಿತ್ತು ಎಂದು ನಮ್ಮ ತಂದೆ ಹೇಳುತ್ತಿದ್ದರು. ಪರ್ಯಾಯ ಇಂಧನ ಈ ಊರಿಗೆ ಹೊಸ ಮಾತಲ್ಲ.

ಈ ಕ್ಷೇತ್ರದ ಸಂಶೋಧನೆಗಳನ್ನೆಲ್ಲ ನಾನು ಸಮೀಕ್ಷೆ ಮಾಡಲು ಹೋಗುವುದಿಲ್ಲ. ಮಾಡಿದವರೇ ಎದುರಿಗೆ ಕೂತಿದ್ದೀರಿ. ಡೆಹ್ರಾಡೂನಿನ ಪೆಟ್ರೋಲಿಯಂ ಸಂಸ್ಥೆಯಿಂದ ಬಂದಿರುವ ಗೆಳೆಯರು ಜಟ್ರೋಫ ಎಣ್ಣೆಯಿಂದ ಜೆಟ್ ಇಂಧನ ತೆಗೆದು ತೋರಿಸಿದರು. 2018ರ ಆಗಸ್ಟ್ 27ರಂದು ಡೆಹ್ರಾಡೂನಿನಿಂದ ದೆಹಲಿಗೆ ಹಾರಿದ ಸ್ಪೈಸ್‌ಜೆಟ್ ವಿಮಾನದಲ್ಲಿ ಆ ಇಂಧನ ಶೇ 25ರಷ್ಟು ಬೆರೆತಿತ್ತು. ಮರುವರ್ಷದ ಗಣರಾಜ್ಯೋತ್ಸವದಲ್ಲಿ ವಾಯುಪಡೆಯ ಎಎನ್-32 ಶೇ 10ರ ಮಿಶ್ರಣದಲ್ಲಿ ರಾಜಪಥದ ಮೇಲೆ ಹಾರಿತು. ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ, ಸೇನಾ ವಿಮಾನಗಳ ಯೋಗ್ಯತೆ ಪ್ರಮಾಣೀಕರಿಸುವ ಸಂಸ್ಥೆ ಸೆಮಿಲ್ಯಾಕ್ ನಮ್ಮ ಬೆಂಗಳೂರಿನದೇ. ಆಲ್ಕೊಹಾಲಿನಿಂದ ಜೆಟ್ ಇಂಧನ ಮಾಡುವ ದಾರಿಯ ಬಗ್ಗೆ ನಾಳೆ ಬೆಳಗ್ಗೆ ಕೇಳಲಿದ್ದೀರಿ. ನನ್ನದು ಒಂದೇ ಮಾತು: ಮಂಡ್ಯದ ಕಬ್ಬು ಕಾವೇರಿ ನೀರು ಕುಡಿದು ಬೆಳೆಯುತ್ತದೆ, ಅದರ ಎಥೆನಾಲಿಗಾಗಿ ಪೆಟ್ರೋಲ್ ಬಂಕು ಆಗಲೇ ಕೈ ಚಾಚಿ ನಿಂತಿದೆ.

ವಿದ್ಯಾರ್ಥಿಗಳಿಗಾಗಿ ಎಣ್ಣೆಯ ದಾರಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೀಜದ ಎಣ್ಣೆಯನ್ನು ಹೈಡ್ರೋಜನ್ ಜೊತೆ ಸೇರಿಸಿ ಅದರೊಳಗಿನ ಆಮ್ಲಜನಕ ತೆಗೆಯುತ್ತಾರೆ. ಉಳಿಯುವ ಉದ್ದನೆಯ ಸರಪಳಿ ಆಕಾಶದ ಎತ್ತರದ ಚಳಿಗೆ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಅದನ್ನು ತುಂಡರಿಸಿ, ಕವಲೊಡೆಸುತ್ತಾರೆ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯ ತನಕ ಹೆಪ್ಪುಗಟ್ಟಬಾರದು, 38 ಡಿಗ್ರಿಗಿಂತ ಕೆಳಗೆ ಅದರ ಆವಿ ಕಿಡಿಗೆ ಹೊತ್ತಬಾರದು. ಎಣ್ಣೆಯಿಂದ ಬಂದ ಇಂಧನವನ್ನು ಅರ್ಧದಷ್ಟರ ತನಕ ಬೆರೆಸಬಹುದು ಎಂದು ಇಂಧನದ ಮಾನದಂಡ ರೂಪಿಸುವ ಸಂಸ್ಥೆ ಎಎಸ್‌ಟಿಎಂ 2011ರಲ್ಲೇ ಒಪ್ಪಿದೆ. ಇಷ್ಟು ನಿಖರವಾಗಿ ಅಳೆಯುವವರು ನಾವು.

ಆದರೆ ಮರವನ್ನು ಅಳೆಯಲಿಲ್ಲ. ಈ ಕ್ಷೇತ್ರ ದಾರಿ ತಪ್ಪಿದ್ದು ಇಲ್ಲೇ ಎಂದು ನಾನು ಇಪ್ಪತ್ತು ವರ್ಷದಿಂದ ನಂಬಿದ್ದೇನೆ.

2003ರಲ್ಲಿ ಯೋಜನಾ ಆಯೋಗದ ಸಮಿತಿ, 2011-12ರ ಹೊತ್ತಿಗೆ ಡೀಸೆಲಿಗೆ ಶೇ 20ರಷ್ಟು ಜೈವಿಕ ಡೀಸೆಲ್ ಬೆರೆಸಬೇಕು, ಬಂಜರಿನಲ್ಲಿ ಜಟ್ರೋಫ ಹಾಕಿ ಅದನ್ನು ಸಾಧಿಸಬಹುದು ಎಂದಿತು. ಆಗ ನಾನೂ ಒಂದು ಯೋಜನೆಯ ಪರವಾಗಿ ಹಳ್ಳಿಗಳನ್ನು ಸುತ್ತಿದೆ. ನೀರು ಬೇಡ, ಗೊಬ್ಬರ ಬೇಡ, ಮೂರನೆಯ ವರ್ಷಕ್ಕೆ ಬೀಜ ಎಂದು ಹೇಳಿದೆ. ಗಿಡವೇನೋ ಬದುಕಿತು. ನೀರಿಲ್ಲದ ಗಿಡ ಬದುಕುವುದು ಬೇರೆ, ಫಸಲು ಕೊಡುವುದು ಬೇರೆ. ಬೀಜ ಕೊಳ್ಳುತ್ತೇವೆ ಎಂದವರು ಒಂದು ತಕ್ಕಡಿಯನ್ನೂ ತಂದು ಇಡಲಿಲ್ಲ. ಗಿಡ ಕಿತ್ತು ಮತ್ತೆ ಹುರುಳಿ ಚೆಲ್ಲಿದ ರೈತರ ಮುಂದೆ ನಿಲ್ಲುವುದು ನನಗೆ ಕಷ್ಟವಾಯಿತು. ಅವರಿಗೆ ನಾನು ಹೇಳಿದ ಇಳುವರಿಯ ಅಂಕಿ ಯಾವ ಹೊಲದ್ದು ಎಂದು ಹುಡುಕುತ್ತಾ ಹೋದೆ. ಒಂದು ಪ್ರಬಂಧ ಇನ್ನೊಂದನ್ನು ತೋರಿಸಿತು, ಅದು ಮತ್ತೊಂದನ್ನು. ಕೊನೆಗೂ ಯಾವ ಹೊಲವೂ ಸಿಗಲಿಲ್ಲ.

ಆಮೇಲೆ ನನ್ನ ಗಮನ ಹೊಂಗೆಯ ಕಡೆ ತಿರುಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಎಂಜಿನ್ ಓಡಿಸಿ ಹಳ್ಳಿಯಲ್ಲಿ ನೀರೆತ್ತಿಸಿದ್ದರು. ಹಾಸನದ ಹತ್ತಿರ ಮಡೇನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಮಾಡಿದ ಕೆಲಸಕ್ಕೆ ಈ ಸಭೆ ಋಣಿ. ಅಲ್ಲಿಂದ ಬಂದವರು ಬಲಗಡೆ ಕೂತಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಹೊಂಗೆಗೆ ಬೇರೆ ಜಮೀನು ಬೇಡ. ಬದುವಿನಲ್ಲಿ, ಕೆರೆ ಏರಿಯಲ್ಲಿ, ರಸ್ತೆ ಬದಿಯಲ್ಲಿ ಬೆಳೆಯುತ್ತದೆ, ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಹಿಂಡಿ ಗೊಬ್ಬರವಾಗುತ್ತದೆ. ಎಲ್ಲ ಸರಿ. ಒಂದು ಮರ ವರ್ಷಕ್ಕೆ ಎಷ್ಟು ಬೀಜ ಕೊಡುತ್ತದೆ? ಪುಸ್ತಕ ತೆರೆದರೆ ಸಿಗುವ ಉತ್ತರ: 9ರಿಂದ 90 ಕೆಜಿ.

ಹತ್ತು ಪಟ್ಟು ಅಂತರ! ಇದರ ಅರ್ಥ ಏನೆಂದು ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣವನ್ನೇ ಇಟ್ಟುಕೊಂಡು ನೋಡೋಣ. ಅಲ್ಲಿಂದ ಏಳುವ ಎಟಿಆರ್ ವಿಮಾನಕ್ಕೆ ಒಂದು ಗಂಟೆಗೆ ಸುಮಾರು 700 ಕೆಜಿ ಇಂಧನ ಬೇಕು ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧ ನಮ್ಮ ಹೊಂಗೆಯದು, ಅಂದರೆ 350 ಕೆಜಿ. ಎಣ್ಣೆಯಲ್ಲಿ ಅರ್ಧ ಜೆಟ್ ಇಂಧನವಾದರೆ 700 ಕೆಜಿ ಎಣ್ಣೆ. ಗಾಣದಲ್ಲಿ ನಾಲ್ಕು ಕೆಜಿ ಬೀಜಕ್ಕೆ ಒಂದು ಕೆಜಿ ಎಣ್ಣೆ ಎಂದರೆ 2,800 ಕೆಜಿ ಬೀಜ. ಇದು 31 ಮರದ ಫಸಲೋ, 311 ಮರದ ಫಸಲೋ? ಒಂದು ಗಂಟೆಯ ಹಾರಾಟಕ್ಕೇ ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ, ಕಾರ್ಖಾನೆ ಕಟ್ಟುವವನು ಯಾವ ಧೈರ್ಯದಿಂದ ಕಟ್ಟಬೇಕು, ಬ್ಯಾಂಕು ಏನು ನೋಡಿ ಸಾಲ ಕೊಡಬೇಕು? ಮಂಗಳೂರಿನ ಸಂಸ್ಕರಣಾಗಾರದಿಂದ ಬಂದಿರುವ ನನ್ನ ಹಳೆಯ ವಿದ್ಯಾರ್ಥಿನಿ ಮುಂದಿನ ಸಾಲಿನಲ್ಲಿದ್ದಾಳೆ. "ಸರ್, ಬೀಜ ಖಾತ್ರಿ ಇದ್ದರೆ ಮಿಕ್ಕಿದ್ದು ನಾವು ನೋಡ್ಕೋತೀವಿ" ಎಂದು ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಅವಳ ಮಾತು ನ್ಯಾಯವಾದದ್ದು.

ಈ ಅಂತರಕ್ಕೆ ಒಂದು ಕಾರಣ ನನಗೆ ಗೊತ್ತಾದದ್ದು ಹಳ್ಳಿಯಲ್ಲಿ. ತಿ. ನರಸೀಪುರದ ಕಡೆಯ ಒಂದು ಊರಿನಲ್ಲಿ ಒಬ್ಬ ಅಜ್ಜಿ ಜಗಲಿಯ ಮೇಲೆ ಕೂತು ಹೊಂಗೆಕಾಯಿ ಒಡೆಯುತ್ತಿದ್ದರು. ಕಾಯಿಯನ್ನು ಕಲ್ಲಿನ ಮೇಲೆ ಅಂಚಿಗೆ ನಿಲ್ಲಿಸಿ, ಮರದ ಕೊಡತಿಯಲ್ಲಿ ಒಂದೇ ಪೆಟ್ಟು. ಸಿಪ್ಪೆ ಎರಡಾಗಿ, ಕೆಂಗಂದು ಬೀಜ ಮೊರಕ್ಕೆ ಹಾರುತ್ತಿತ್ತು. ಜಜ್ಜಿದರೆ ಗಾಣದವರು ಕೊಳ್ಳುವುದಿಲ್ಲ. ಬಹುಪಾಲು ಕಾಯಿಗೆ ಒಂದೇ ಬೀಜ. ಎದುರಿನ ಮರ ತೋರಿಸಿ, ಈ ಮರ ಎಷ್ಟು ಕೊಡುತ್ತದೆ ಎಂದು ಕೇಳಿದೆ. "ಹೋದೊರ್ಸ ಇದೇ ಮರ್ದಲ್ಲಿ ಒಂದು ಮೊರ ಆಗ್ನಿಲ್ಲ ಕಣಪ್ಪ. ಗದ್ದೆಗೆ ಸೊಪ್ಪು ಕಡ್ಕೊಂಡಿದ್ರು. ಈ ವರ್ಸ ಕಡೀನಿಲ್ಲ, ನೋಡು, ಕೊಂಬೆ ಬಗ್ಗದೆ" ಎಂದರು.

ನಾನು ಓದಿದ ಯಾವ ಪ್ರಬಂಧದಲ್ಲೂ ಸೊಪ್ಪು ಕಡಿದ ಮರ, ಕಡಿಯದ ಮರ ಎಂಬ ಎರಡು ಕಾಲಂ ಇರಲಿಲ್ಲ. ನಾಲೆ ಬಯಲಿನ ಹೊಂಗೆಗೆ ನಾಟಿಯ ಹೊತ್ತಿನಲ್ಲಿ ಕತ್ತಿ ಬೀಳುತ್ತದೆ; ಸೊಪ್ಪಿನ ಜೊತೆ ಎಳೆಗಾಯಿಯೂ ಗದ್ದೆಯ ಕೆಸರಿಗೆ ಹೋಗುತ್ತದೆ. ರೈತನಿಗೆ ಅದು ನಷ್ಟವಲ್ಲ, ಭತ್ತಕ್ಕೆ ಗೊಬ್ಬರ. ಹಾಗಾದರೆ ವಿಮಾನದ ಇಂಧನ ಪೈಪೋಟಿ ಮಾಡಬೇಕಾದದ್ದು ಅರಬ್ ದೇಶದ ತೈಲದ ಜೊತೆ ಮಾತ್ರವಲ್ಲ, ಸೊಪ್ಪಿನ ಹೊರೆಯ ಜೊತೆಯೂ ಹೌದು. ಆ ಹೊರೆಗೆ ಎಷ್ಟು ಬೆಲೆ? ಕಾಯಿ ಒಡೆಯುವ ಕೈಗೆ ದಿನಗೂಲಿ ಎಷ್ಟು ಗಿಟ್ಟುತ್ತದೆ? ಇವು ಕೃಷಿ ಅರ್ಥಶಾಸ್ತ್ರದ ಪ್ರಶ್ನೆಗಳು, ನಮ್ಮವಲ್ಲ ಎಂದು ರಸಾಯನಶಾಸ್ತ್ರದ ಮಿತ್ರರು ಹೇಳಬಹುದು. ನಾನು ಒಪ್ಪುವುದಿಲ್ಲ. ಪ್ರಯೋಗಾಲಯಕ್ಕೆ ಡಬ್ಬಿಯಲ್ಲಿ ಬಂದ ಎಣ್ಣೆಯಿಂದ ಲೆಕ್ಕ ಶುರುಮಾಡಿದ್ದೇ ನಮ್ಮ ತಪ್ಪು.

ವಿಮಾನದಲ್ಲಿ ಪರ್ಯಾಯ ಇಂಧನ ಬೆರೆಸಲು ಸರ್ಕಾರ ಗುರಿ ಹಾಕಿದೆ: ಅಂತರರಾಷ್ಟ್ರೀಯ ಹಾರಾಟಗಳಲ್ಲಿ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5. ಕರಿದ ಎಣ್ಣೆ ಸ್ವಲ್ಪ ದೂರ ಕೈ ಹಿಡಿಯುತ್ತದೆ. ಆದರೆ ಊರಿನ ಹೋಟೆಲುಗಳ ಬಾಣಲೆಯಲ್ಲಿ ಉಳಿಯುವುದಕ್ಕೆ ಒಂದು ಮಿತಿ ಇದೆ. ಮುಂದೆ ಬೀಜ ಬೇಕೇ ಬೇಕು, ಇಲ್ಲದಿದ್ದರೆ ಹೊರಗಿನಿಂದ ಎಣ್ಣೆ ತರಿಸಬೇಕು.

ನನ್ನ ಕೋರಿಕೆ ಇಷ್ಟು. ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಿಂದ ತಿ. ನರಸೀಪುರದ ತನಕ ನೂರು ಹೊಂಗೆಮರ ಆರಿಸೋಣ. ಮರಕ್ಕೊಂದು ನಂಬರು, ಒಂದು ಪುಸ್ತಕ. ಸೊಪ್ಪು ಕಡಿದರೋ ಇಲ್ಲವೋ, ಮಳೆ ಎಷ್ಟು, ಬೀಜದ ತೂಕ ಎಷ್ಟು, ಆಯ್ದವರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಹತ್ತು ವರ್ಷ ಬಿಡದೆ ಬರೆಯೋಣ. ಇಲ್ಲಿನ ಆಹಾರ ತಂತ್ರಜ್ಞಾನ ಸಂಸ್ಥೆ ಸಿಎಫ್‌ಟಿಆರ್‌ಐನ ಎಣ್ಣೆ ವಿಭಾಗದ ಗೆಳೆಯರು ಪ್ರತಿ ಮರದ ಎಣ್ಣೆ ಪರೀಕ್ಷಿಸಿಕೊಡಬೇಕೆಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ಈ ಕೆಲಸದಲ್ಲಿ ಪೇಟೆಂಟು ಸಿಗುವುದಿಲ್ಲ, ಪ್ರಬಂಧವೂ ಬೇಗ ಬರುವುದಿಲ್ಲ. ಹತ್ತು ವರ್ಷ ನಾನು ಇರುತ್ತೇನೋ ಗೊತ್ತಿಲ್ಲ, ಅದಕ್ಕೇ ವಿದ್ಯಾರ್ಥಿಗಳನ್ನು ಕೇಳುತ್ತಿದ್ದೇನೆ.

ಈಗ ಫೆಬ್ರವರಿ, ಕಾಯಿ ಒಣಗಿ ಉದುರುವ ಕಾಲ. ಈ ಸಭಾಂಗಣದ ಹಿಂದೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಂದು ಹೊಂಗೆಮರ ಇದೆ. ಊಟದ ಬಿಡುವಿನಲ್ಲಿ ತಕ್ಕಡಿ, ಚೀಲ, ಒಂದು ನೋಟ್‌ಪುಸ್ತಕ ಹಿಡಿದು ಅದರಡಿ ನಿಂತಿರುತ್ತೇನೆ. ಬರುವವರು ಬನ್ನಿ.